ಅಮಾನತ್ ಮಂಚ

ಲಿಲಾವ ಕಾಕಾರ ಬಲಗೈ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ನೌಕರಿಯುದ್ದಕ್ಕೂ ಬಿಸಿ ಅರಗಿನ ಮೇಲೆ ಒತ್ತಿ ಒತ್ತಿ ಅದು ನುಣ್ಣಗೆ, ಕೆಂಪಗೆ ಆಗಿಹೋಗಿತ್ತು. ರೇಷನ್ ಅಂಗಡಿಯ ಮಷೀನು ಆ ಬೆರಳನ್ನು ಒಪ್ಪುತ್ತಲೇ ಇರಲಿಲ್ಲ. ಸಾಲಿನಲ್ಲಿ ಹಿಂದೆ ನಿಂತವರು ಗೊಣಗಿದರೆ ಕಾಕಾ ಬೆರಳೆತ್ತಿ ತೋರಿಸಿ, "ಗೆರಿ ಇಲ್ಲದ ಹೆಬ್ಬಟ್ಟು ಇಡೀ ಸಿಂದಗಿಯೊಳಗ ನಂದೊಂದ ಐತಿ, ಸ್ವಲ್ಪ ತಡಕೋರಿ" ಎನ್ನುತ್ತಿದ್ದರು.

ನಮ್ಮ ಕಡೆ ಹರಾಜಿಗೆ ಲಿಲಾವು ಅನ್ನುತ್ತಾರೆ. ಕಾಕಾ ಕೋರ್ಟಿನಲ್ಲಿ ಬೇಲಿಫ್ ಆಗಿದ್ದವರು. ಜಪ್ತಿಯಾದ ಸಾಮಾನಿಗೆ ಅರಗಿನ ಮುದ್ರೆ ಹಾಕುವುದು, ಕೊನೆಗೆ ಅದನ್ನು ಕೂಗಿ ಮಾರುವುದು ಅವರ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೂ ಚಟ ಬಿಡಲಿಲ್ಲ. ಊರು ಬಿಡುವವರ, ಅಂಗಡಿ ಮುಚ್ಚುವವರ ಹಳೆಯ ಸಾಮಾನು ತಂದು, ಫೋಟೊ ತೆಗೆದು, ಫೋನಿನಲ್ಲಿ ಆನ್‌ಲೈನ್ ಲಿಲಾವಿಗೆ ಹಾಕುತ್ತಿದ್ದರು. ಇಂಡಿ, ಮುದ್ದೇಬಿಹಾಳ, ಚಡಚಣ, ಎಲ್ಲೆಲ್ಲಿಂದಲೋ ಜನ ಕೂತಲ್ಲೇ ಬೆಲೆಯ ಸವಾಲು ಏರಿಸುತ್ತಿದ್ದರು. ಗೆದ್ದವರು ಫೋನಿನಲ್ಲೇ ದುಡ್ಡು ಕಟ್ಟಿ, ಆಮೇಲೆ ಮನೆಗೆ ಬಂದು ಮಾಲು ಒಯ್ಯಬೇಕು. ದುಡ್ಡು ಬಂದ ಕೂಡಲೇ ಕಾಕಾ ಆ ಮಾಲಿಗೆ ದಾರ ಕಟ್ಟಿ, ಗಂಟಿನ ಮೇಲೆ ಅರಗು ಹನಿಸಿ, ಎಂಜಲು ಹಚ್ಚಿದ ಹೆಬ್ಬೆರಳು ಒತ್ತುವರು. ಅಲ್ಲಿಂದ ಮುಂದೆ ಅದು ಅಮಾನತ್.

ಈ ಮಾತನ್ನು ನಾನು ಮೊದಲು ಕೇಳಿದ್ದು ನನ್ನ ಟ್ರಂಕಿನ ವಿಷಯದಲ್ಲಿ. ಗಂಡನ ಮನೆ ಬಿಟ್ಟು ಸಿಂದಗಿಗೆ ಬಂದು ಕಾಕಾರ ಪಕ್ಕದ ಕೋಣೆ ಬಾಡಿಗೆ ಹಿಡಿದಿದ್ದೆ. ಹುಡುಕಿಕೊಂಡು ಬಂದೇ ಬರುತ್ತಾರೆಂದು ಹೆದರಿ, ನನ್ನ ಸರ್ಟಿಫಿಕೇಟುಗಳಿದ್ದ ಟ್ರಂಕನ್ನು ಕಾಕಾರ ಮನೆಯಲ್ಲಿಟ್ಟೆ. ಕಾಕಾ ಅರಗು ಒತ್ತಿ, "ಟ್ರಂಕ್ ಅಮಾನತ್ ಮಾಡೀನಿ, ಇನ್ನ ಚಿಂತಿ ಬಿಡವಾ" ಎಂದರು.

"ನನ್ನ ಟ್ರಂಕ್ ಏನ್ ತಪ್ಪು ಮಾಡೈತ್ರಿ ಕಾಕಾ, ಸಸ್ಪೆಂಡ್ ಮಾಡಾಕ?" ಎಂದು ನಕ್ಕೆ. ಅಮಾನತ್ತು ಎಂದರೆ ನನಗೆ ಗೊತ್ತಿದ್ದದ್ದು ಅದೊಂದೇ, ಪೇಪರಿನಲ್ಲಿ ಬರುವ ಅಧಿಕಾರಿಗಳ ಅಮಾನತ್ತು.

ಕಾಕಾರಿಗೆ ನಗು ಬರಲಿಲ್ಲ. "ಆ ಸುಡಗಾಡು ಅರ್ಥ ಈಗಿನವರದು. ನಂಬಿ ಇಟ್ಟ ಮಾಲಿಗೆ ಅಮಾನತ್ ಅಂತಾರ. ಇಟ್ಟಾಕಿ ಬಂದು ಕೇಳೂತನಾ ಅದನ್ನ ದೇವರು ಸುದ್ದಾ ಮುಟ್ಟಂಗಿಲ್ಲ."

ಗಂಡನ ಮನೆಯವರು ಬಂದೇ ಬಂದರು. ಟ್ರಂಕು ಕೊಡಿ ಎಂದು ಕಾಕಾರ ಹೊಸ್ತಿಲಲ್ಲಿ ಕಿರುಚಾಡಿದರು, ಒಬ್ಬ ಅಂಗಿಯ ಕಾಲರನ್ನೂ ಹಿಡಿದ. ಕಾಕಾ ಅಲ್ಲಾಡಲಿಲ್ಲ. ನಾನು ಇವತ್ತು ಸಾಲೆಯಲ್ಲಿ ಟೀಚರಾಗಿರುವುದು ಆ ಟ್ರಂಕಿನೊಳಗಿದ್ದ ಕಾಗದಗಳಿಂದ.

ಆದರೆ ಲಿಲಾವು ಗೆದ್ದವರಿಗೆ ತಮ್ಮ ಮಾಲಿನ ಮೇಲೆ ಇಷ್ಟು ಕಾಳಜಿ ಇರಲಿಲ್ಲ. ದುಡ್ಡು ಕಟ್ಟುತ್ತಿದ್ದರು, ಒಯ್ಯಲು ಬರುತ್ತಿರಲಿಲ್ಲ. ಹಾರ್ಮೋನಿಯಂ ಕೊಂಡ ಚಡಚಣದ ದ್ರಾಕ್ಷಿ ವ್ಯಾಪಾರಿಯೊಬ್ಬ ಫೋನಿನಲ್ಲಿ, "ನಮ್ಮ ಸೋದರಮಾವ ಸವಾಲಿಗೆ ಬಿದ್ದಿದ್ದರಿ, ಅಂವನ್ನ ಸೋಲಿಸಿದೆ, ಮುಗೀತು. ಪೆಟ್ಟಿಗಿ ತಗೊಂಡು ನಾ ಏನ್ ಮಾಡ್ಲಿ?" ಎಂದ. ಕಾಕಾ ಅವನನ್ನು ಚೆನ್ನಾಗಿ ಬೈದು, ಹಾರ್ಮೋನಿಯಂಗೆ ಬಟ್ಟೆ ಹೊದಿಸಿ ಇಟ್ಟರು. ಕನ್ನಡಿ ಕಪಾಟು, ಬೀಸುವ ಕಲ್ಲು, ಹೊಲಿಗೆ ಮಷೀನು, ಬಾಗಿಲಿಲ್ಲದ ಬಾಗಿಲ ಚೌಕಟ್ಟು, ಎಲ್ಲ ನಡುಮನೆಯಲ್ಲೇ ನಿಂತವು. ಕಾಕಾರ ಹೆಂಡತಿ ಕಾಕು ಅಡುಗೆಮನೆಗೆ ಅಡ್ಡಡ್ಡ ತಿರುಗಿ ನಡೆಯಬೇಕು. "ಈ ಮನ್ಯಾಗ ಎಲ್ಲಾರ ಮಾಲಿಗೂ ಜಾಗಾ ಐತಿ, ನನಗೊಬ್ಬಾಕಿಗೆ ಇಲ್ಲ" ಎಂದು ಅವರು ದಿನಾ ವಟಗುಟ್ಟುತ್ತಿದ್ದರು. ಮರಳಿ ಮಾರಿಬಿಡಿ ಎಂದು ನಾನೂ ಹೇಳಿ ಹೇಳಿ ಸೋತೆ.

ಒಮ್ಮೆ ಮಾತ್ರ ಕಾಕಾ ಕಾರಣ ಹೇಳಿದರು. ನೌಕರಿಯ ಮೊದಲ ದಿನಗಳಲ್ಲಿ, ಬೇರೆ ಊರಲ್ಲಿದ್ದಾಗ, ಒಬ್ಬ ಟೇಲರನ ಮಷೀನು ಜಪ್ತಿ ಮಾಡಿ ತಂದಿದ್ದರಂತೆ. ಅವನು ಸಾಲ ಪೂರ್ತಿ ತೀರಿಸಿ ಮಷೀನು ಕೇಳಲು ಬಂದರೆ, ಕೋಣೆಯಲ್ಲಿ ಬರೀ ಕಬ್ಬಿಣದ ಕಾಲುಗಳಿದ್ದವು. ಮೇಲಿನದನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು. "ಅಂವ ಬೈಲಿಲ್ಲವಾ, ಅಳಲಿಲ್ಲ. ನನ್ನ ಕೈ ಅಷ್ಟ ನೋಡಿದ. ಬರ್ತಾರೋ ಬಿಡ್ತಾರೋ ಅಂತ ನಾ ಕಾಯೂದಿಲ್ಲ. ಬಂದ್ರ ಇರಬೇಕು, ಅದಕ್ಕ ಕಾಯ್ತೇನಿ" ಎಂದರು. ಆಮೇಲೆ ನಾನು ಆ ಮಾತು ತೆಗೆಯಲಿಲ್ಲ.

ಮಂಚ ಬಂದದ್ದು ಮುಚ್ಚಿಹೋದ ಒಂದು ನರ್ಸಿಂಗ್ ಹೋಮಿನಿಂದ. ಕಬ್ಬಿಣದ್ದು, ಹಿಡಿಕೆ ತಿರುಗಿಸಿದರೆ ತಲೆಯ ಭಾಗ ಮೇಲೇಳುತ್ತದೆ. ಬಸವನ ಬಾಗೇವಾಡಿಯ ಒಬ್ಬ ಹುಡುಗ ಜಿದ್ದಿಗೆ ಬಿದ್ದು ಸವಾಲು ಏರಿಸಿ ಗೆದ್ದ, ನಿಮಿಷದಲ್ಲಿ ದುಡ್ಡೂ ಕಟ್ಟಿದ. "ಮನ್ಯಾಗ ಯಾರಿಗೋ ಭಾಳ ಜಡ್ಡಿರಬೇಕು, ನಾಳಿನ ಬರ್ತಾನ ನೋಡು" ಎಂದು ಕಾಕಾ ಅವಸರದಿಂದ ಅರಗು ಕಾಯಿಸಿದರು. ಫೋನಿಗೆ ಬಾಯಿಯಿಂದ ಹೇಳಿ ಬರೆಸಿ, ಎಲ್ಲರಿಗೂ ಕಳಿಸುವ ಮೆಸೇಜನ್ನೇ ಅವನಿಗೂ ಕಳಿಸಿದರು. ಅವನು ಬರಲಿಲ್ಲ. ಫೋನ್ ಮಾಡಿದರೆ ಹತ್ತಲೇ ಇಲ್ಲ. ನನ್ನ ಫೋನಿನಿಂದಲೂ ಮಾಡಿ ನೋಡಿದೆ, ರಿಂಗಾಗಿ ರಿಂಗಾಗಿ ನಿಂತುಹೋಯಿತು.

ಆ ಮಳೆಗಾಲ ಕಾಕಾರ ಕಾಲು ಬಾತವು, ಉಸಿರು ಸಾಲದಾಯಿತು. ಹೃದಯ ಸೋತಿದೆ, ಎದೆಯಲ್ಲಿ ನೀರು ತುಂಬುತ್ತಿದೆ ಎಂದರು ವಿಜಯಪುರದ ಡಾಕ್ಟರು. ಅಂಗಾತ ಮಲಗಿಸಬೇಡಿ, ತಲೆ ಎತ್ತರದಲ್ಲಿರಲಿ, ಆಸ್ಪತ್ರೆಯ ಮಂಚ ಸಿಕ್ಕರೆ ಒಳ್ಳೆಯದು ಎಂದು ಮನೆಗೆ ಕಳಿಸಿದರು. ಕಾಕು ನನ್ನ ಮುಖ ನೋಡಿದರು. ಅಂಥ ಮಂಚ ಅವರ ನಡುಮನೆಯಲ್ಲೇ ಇತ್ತು.

ಕಾಕಾ ಅದರ ಮೇಲೆ ಏರಲಿಲ್ಲ. ಗೋಡೆಗೆ ಜೋಳದ ಚೀಲ ಒರಗಿಸಿ, ಅದಕ್ಕೆ ದಿಂಬಿಟ್ಟು ಕೂಡಿಸಿದೆವು. ಕಣ್ಣು ಹತ್ತಿದ ಕೂಡಲೇ ಕೆಳಗೆ ಜಾರುವರು, ಉಸಿರು ಕಟ್ಟಿ ಏಳುವರು. ನೋಡಲು ಆಗುತ್ತಿರಲಿಲ್ಲ. ಕಾಕು ಕೈ ಮುಗಿದರು. "ನಿಮ್ಮ ಕಾಲಿಗೆ ಬೀಳ್ತೇನ್ರಿ. ಅಂವ ಬಂದ ದಿನ ಇಳಿದ್ರಾತು."

"ಇಳಿಯಾಕ ನಾ ಇರದಿದ್ರ?" ಎಂದರು ಕಾಕಾ. ಒಂದೊಂದು ಮಾತಿಗೂ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. "ನಾ ಅದರ ಮ್ಯಾಲೆ ಸತ್ತರ, ಸತ್ತವರ ಮಂಚ ಅಂತ ಅಂವ ಮುಟ್ಟಂಗಿಲ್ಲ. ಅಂವನ ಮನ್ಯಾಗೂ ನನ್ನಂಗ ಒಬ್ಬರು ಕುಂತಿರ್ತಾರಲ್ಲ, ಅವರಿಗೆ ಏನ್ ಕೊಡ್ಲಿ?"

ನನಗೆ ಸಿಟ್ಟು ಬಂತು. ಸುಟ್ಟು ಬರಲಿ ನಿಮ್ಮ ಅಮಾನತ್ ಎಂದು ಕೂಗಿ, ದಾರ ಹರಿಯಲು ಹೋದೆ. ಕಾಕಾ ನನ್ನ ಕೈ ಅಷ್ಟೇ ನೋಡಿದರು. ಅವರು ಹೇಳಿದ ಟೇಲರ್ ನೆನಪಾದ. ನನ್ನ ಟ್ರಂಕಿಗಾಗಿ ಕಾಲರ್ ಹಿಡಿಸಿಕೊಂಡವರು ಇವರೇ ಅಲ್ಲವೇ? ದಾರ ಬಿಟ್ಟೆ.

ಬೇರೆ ಮಂಚವನ್ನು ಬಾಡಿಗೆಗೆ ಗೊತ್ತುಮಾಡಿದ್ದೆ, ಮರುದಿನ ಮಧ್ಯಾಹ್ನ ಟಂಟಂ ಗಾಡಿಯಲ್ಲಿ ಬರುವುದಿತ್ತು. ಕಾಕಾ ಬೆಳಿಗ್ಗೆಯೇ ಹೋದರು. ಚೀಲದಿಂದ ಜಾರಿ, ನೆಲದ ಮೇಲೆ, ಮಂಚದ ಕಾಲಿನ ಹತ್ತಿರ. ಕಾಕು ಚಹಾದ ಬಟ್ಟಲು ಹಿಡಿದುಕೊಂಡೇ ನಿಂತಿದ್ದರು.

ಕಾರ್ಯಗಳೆಲ್ಲ ಮುಗಿದ ಮೇಲೆ ಬಾಗೇವಾಡಿಯ ಹುಡುಗನಿಗೆ ನಾನೇ ಒಂದು ಮೆಸೇಜು ಬರೆದೆ. ನಿಮ್ಮ ಮಂಚ ಇನ್ನೂ ಇಲ್ಲಿದೆ, ಕಾದಿಟ್ಟವರು ತೀರಿಕೊಂಡರು, ಬಂದು ಒಯ್ಯಿರಿ ಎಂದು. ಅವತ್ತು ಸಂಜೆಯೊಳಗೆ ಅವನು ಬಂದ. ಯಾವುದೋ ಆಫೀಸಿನಲ್ಲಿ ಗುಮಾಸ್ತನಂತೆ, ಬೋಳಿಸಿದ್ದ ತಲೆಯಲ್ಲಿ ಕೂದಲು ಆಗಷ್ಟೇ ಚಿಗುರಿತ್ತು. ಹೊಸ್ತಿಲಲ್ಲೇ ನಿಂತು ಮಂಚ ನೋಡಿದ. "ಇದು ಖರೇನ ಇತ್ತೇನ್ರಿ?" ಎಂದ.

ಯಾಕೆ ಬರಲಿಲ್ಲ ಎಂದು ಕೇಳಿದೆ. ಅವನು ಫೋನು ತೆಗೆದು ಕಾಕಾರ ಮೆಸೇಜು ತೋರಿಸಿದ. "ನಿಮ್ಮ ಮಂಚ ಅಮಾನತ್ ಮಾಡೀನಿ. ಬಂದು ಬಿಡಿಸಿಕೊಂಡು ಹೋಗ್ರಿ."

"ಅಮಾನತ್ ಅಂದ್ರ ನಮ್ಮ ಆಫೀಸಿನ್ಯಾಗ ಸಸ್ಪೆಂಡ್ರಿ. ರೊಕ್ಕ ತಗೊಂಡು, ಮಂಚ ತಡದು, ಬಿಡಿಸ್ಕೋ ಅಂದ್ರ ಮತ್ತ ರೊಕ್ಕ ಕೇಳ್ತಾರ ಅಂತ ತಿಳದೆ. ಆನ್‌ಲೈನ್ ಮೋಸ ಅಂತ ಅವರ ನಂಬರ್ ಬ್ಲಾಕ್ ಮಾಡಿದೆ. ಗುರುತಿಲ್ಲದ ಫೋನ್ ಯಾವುದೂ ಎತ್ತಲಿಲ್ಲ." ಫೋನು ಜೇಬಿಗಿಟ್ಟ. "ಮತ್ತೊಂದು ಕೊಳ್ಳಾಕ ಆಗ್ಲಿಲ್ರಿ. ನಮ್ಮವ್ವಗೂ ಎದಿಯಾಗ ನೀರು ತುಂಬಿತ್ತು. ಗ್ವಾಡಿಗೆ ಕುಂಡ್ರಿಸಿದ್ದೆ. ನೆಲದ ಮ್ಯಾಲನ ಹೋದ್ಲು."

ಅವನಿಗೆ ಬೈಯಬೇಕೆಂದು ಕಾದಿದ್ದೆ. ಆದರೆ ಅಮಾನತ್ ಎಂಬ ಅದೇ ಮಾತಿಗೆ ನಾನೂ ನಕ್ಕಿದ್ದೆ, ಕಾಕಾ ಅರ್ಥ ಹೇಳಿಕೊಟ್ಟಿದ್ದರು. ಅವನಿಗೆ ಹೇಳಿಕೊಡುವವರು ಇರಲಿಲ್ಲ, ಅಷ್ಟೇ. ಎರಡು ಊರಲ್ಲಿ ಇಬ್ಬರು ನೆಲದ ಮೇಲೆ ಉಸಿರಿಗೆ ಒದ್ದಾಡಿದರು, ನಡುವೆ ಮಂಚ ಖಾಲಿ ನಿಂತಿತ್ತು.

"ನನಗ ಬ್ಯಾಡ್ರಿ, ಯಾರಾರ ಜಡ್ಡಿನವರಿಗೆ ಕೊಟ್ಟುಬಿಡ್ರಿ" ಎಂದು ಹುಡುಗ ತಿರುಗಿದ.

ಕಾಕು ಮೂಲೆಯಿಂದ ಎದ್ದು ಬಂದರು. "ಕೊಡೂ ಹಂಗಿದ್ರ ನಮ್ಮನ್ಯಾಗ ಜಡ್ಡಿನವರು ಇದ್ರಪಾ. ಅರಗು ಒಡದು ನೋಡ್ಕೋ, ನಿನ್ನ ಮಾಲು ಇದ್ದಂಗ ಐತಿ. ಯಾರಿಗಿ ಕೊಡ್ತಿ, ನೀನ ಕೊಡು. ಕಾಯಾವ್ರು ಇನ್ನ ಈ ಮನ್ಯಾಗ ಯಾರೂ ಇಲ್ಲ."

ಹುಡುಗ ಬಗ್ಗಿ ಉಗುರಿನಿಂದ ಅರಗು ಒಡೆದ. ಗೆರೆಯಿಲ್ಲದ ಆ ಹೆಬ್ಬೆರಳಿನ ಗುರುತು ಎರಡಾಗಿ ಕೆಳಗೆ ಬಿತ್ತು. ಕಾಕು ಅದನ್ನು ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡರು.