ಶೈಲಾ ಅತ್ತಿ ಹೇಳಿದ್ದು ಅದಲ್ಲ

ಮೊಬೈಲು ಇನ್ನೂ ಎಲ್ಲರ ಕಿಸೆಗೆ ಬಂದಿರದ ಆ ದಿನಗಳಲ್ಲಿ ಬ್ಯಾಡಗಿಯ ನಮ್ಮ ಓಣಿಗೆ ಬೇಸಿಗೆ ಬಂದದ್ದು ತಿಳಿಯುತ್ತಿದ್ದುದು ಸೀನಿನಿಂದ. ಗಾಳಿ ಮಾರ್ಕೆಟ್ಟಿನ ಕಡೆಯಿಂದ ತಿರುಗಿತೆಂದರೆ ಮೆಣಸಿನಕಾಯಿಯ ಘಾಟು ಮೂಗಿಗೇರಿ, ಕಟ್ಟೆಯ ಮೇಲೆ ಚೌಕಾಬಾರ ಆಡುತ್ತಿದ್ದ ನಾವೆಲ್ಲ ಒಬ್ಬರಾದ ಮೇಲೊಬ್ಬರು ಸೀನುತ್ತಿದ್ದೆವು. ಕೈಯಲ್ಲಿ ಉಪ್ಪುಖಾರ ಸವರಿದ ಮಾವಿನಕಾಯಿ ಹೋಳು, ಮುಂದೆ ಎರಡು ತಿಂಗಳ ರಜೆ. ನಾನು ಆರನೆಯ ಇಯತ್ತೆಯ ಪರೀಕ್ಷೆ ಮುಗಿಸಿದ್ದೆ. ನನಗೆ ಬೇರೇನೂ ಬೇಕಾಗಿರಲಿಲ್ಲ.

ಆ ರಜೆ ಹಾಳಾದದ್ದು ಶೈಲಾ ಅತ್ತಿಯಿಂದ. ಅಂದರೆ ಆಗ ನಾನು ಹಾಗೆ ತಿಳಿದಿದ್ದೆ.

ಶೈಲಾ ಅತ್ತಿ ನಮ್ಮಪ್ಪನ ಕೊನೆಯ ತಂಗಿ. ಪಿಯುಸಿ ಮುಗಿಸಿ ಎರಡು ವರ್ಷವಾಗಿತ್ತು. ಕಾಲೇಜಿನಲ್ಲಿದ್ದಾಗ ಖೋಖೋ ಆಡುತ್ತಿದ್ದಳು. ಸುಮ್ಮನೆ ಆಡುವುದಲ್ಲ, ಹಾವೇರಿಯಲ್ಲಿ ಜಿಲ್ಲಾ ಮಟ್ಟದ ಆಟಕ್ಕೆ ಹೋಗಿಬಂದವಳು. ಕಂಬದ ಹತ್ತಿರ ಮೈಯನ್ನೇ ಎಸೆದು ಎದುರಿನವರನ್ನು ಮುಟ್ಟುವುದರಲ್ಲಿ ಅವಳಿಗೆ ಸಮನಿಲ್ಲ ಎನ್ನುತ್ತಿದ್ದರು. ಎರಡೂ ಮೊಣಕಾಲುಗಳ ಮೇಲೆ ಗಾಯದ ಕಲೆಗಳಿದ್ದವು. ಸಂಜೆ ಶಾಲೆಯ ಬಯಲಿನಲ್ಲಿ ನಮ್ಮಂಥ ಸಣ್ಣವರನ್ನು ಸಾಲಾಗಿ ಕೂರಿಸಿ, ಚೂಡಿದಾರದ ಓಢಣಿಯನ್ನು ಸೊಂಟಕ್ಕೆ ಬಿಗಿದು ಆಡಿಸುತ್ತಿದ್ದಳು. ತರಬೇತಿ ಪಡೆದು ಆಟದ ಟೀಚರ್ ಆಗಬೇಕು, ಅದೊಂದೇ ಅವಳ ಆಸೆ. ಅಜ್ಜನ ಮುಂದೆ ಮಾತು ತೆಗೆದಾಗೆಲ್ಲ ಅವನು ಎಲೆಯಡಿಕೆ ಜಗಿಯುತ್ತ "ಆತು, ನೋಡೂಣು" ಎನ್ನುತ್ತಿದ್ದ. ಆ ನೋಡುವುದರಲ್ಲೇ ಎರಡು ವರ್ಷ ಹೋದವು.

ಆ ಬೇಸಿಗೆಯಲ್ಲಿ ಗುತ್ತಲದಿಂದ ಒಂದು ಸಂಬಂಧ ಬಂತು. ಹುಡುಗ ಬಿ.ಕಾಂ., ಊರಲ್ಲೇ ಬೀಜ-ಗೊಬ್ಬರದ ಅಂಗಡಿ. ಬೇರೆ ಏನೂ ಕೇಳುವುದಿಲ್ಲ, ಹುಡುಗಿಗೆ ನಾಲ್ಕು ಮಾತು ಇಂಗ್ಲಿಷ್ ಬಂದರೆ ಸಾಕು ಎಂದು ಮಧ್ಯಸ್ಥಗಾರ ಹೇಳಿದ. ಕನ್ಯೆ ನೋಡಲು ಬರುವುದಕ್ಕೆ ಇನ್ನೂ ತಿಂಗಳಿತ್ತು. ಅಜ್ಜ ಮರುದಿನವೇ ಅತ್ತಿಯನ್ನು ರಾಣೆಬೆನ್ನೂರಿನ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹಾಕಿಸಿದ. ಒಬ್ಬಳೇ ಬಸ್ಸಿನಲ್ಲಿ ಹೋಗುವುದು ಬೇಡವೆಂದು ಜೊತೆಗೆ ನನ್ನನ್ನೂ.

"ನಾ ಯಾಕ? ನನಗ ರಜಾ ಐತಿ!" ಎಂದು ನಾನು ಕಾಲು ಬಡಿದೆ.

"ನಾಲ್ಕ ಅಕ್ಷರ ನಿನ್ನ ತಲಿಯಾಗೂ ಬೀಳ್ತಾವು, ಹೋಗು" ಎಂದಳು ಆಯಿ, ಅಂದರೆ ನನ್ನ ಅಜ್ಜಿ. ಮಾತು ಅಲ್ಲಿಗೆ ಮುಗಿಯಿತು.

ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲೆ ತಗಡಿನ ಕೆಳಗೆ ನಡೆಯುತ್ತಿದ್ದ ಕ್ಲಾಸು. ಒಳಗೆ ಕಾದ ಹಂಚಿನಂಥ ಸೆಖೆ. ಸರ್ ತೆಳ್ಳಗಿನ ಮನುಷ್ಯ, ಪಾಪ, ಮನಸ್ಸಿಟ್ಟೇ ಕಲಿಸುತ್ತಿದ್ದರು. ಎರಡನೆಯ ವಾರ ಹಾಬಿಗಳ ಪಾಠ ಬಂತು. ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರು. ಅತ್ತಿ ಎದ್ದು ನಿಂತು, "ಮೈ ಹಾಬಿ ಈಸ್ ಖೋಖೋ" ಎಂದಳು.

"ಖೋಖೋ ಗೇಮ್ ರೀ, ಹಾಬಿ ಅಲ್ಲ" ಎಂದರು ಸರ್. "ಹೆಣ್ಣಮಕ್ಕಳಿಗಂತ ಬೋರ್ಡಿನ ಮ್ಯಾಲೆ ಬರದೇನಿ ನೋಡ್ರಿ. ಕುಕಿಂಗ್, ಎಂಬ್ರಾಯಿಡರಿ, ಲಿಸನಿಂಗ್ ಟು ಮ್ಯೂಸಿಕ್. ಇದರಾಗ ಯಾವುದರ ಮೂರ ಆರಿಸಿ ಹೇಳ್ರಿ."

"ಇರೋದ ಮೂರಲ್ರಿ ಸರ್."

"ಹಂಗಾರ ಮೂರನ್ನೂ ಹೇಳ್ರಿ."

ಎಲ್ಲರೂ ನಕ್ಕರು. ಅತ್ತಿ ಮೂರನ್ನೂ ಹೇಳಿ ಕೂತಳು. ನನ್ನ ಪಾಳಿ ಬಂದಾಗ ನಾನು ಚೌಕಾಬಾರ ಎಂದೆ. ಅದಕ್ಕೆ ಇಂಗ್ಲಿಷ್ ಇಲ್ಲ, ಸ್ಟಾಂಪ್ ಕಲೆಕ್ಟಿಂಗ್ ಅನ್ನು ಎಂದರು. ಇಡೀ ಬೇಸಿಗೆ ನಾನು ಒಂದೂ ಸ್ಟಾಂಪು ಕೂಡಿಸದೆ ಸ್ಟಾಂಪು ಕೂಡಿಸುವವಳಾದೆ. ಈಗ ನೆನೆದರೂ ಮೈ ಉರಿಯುತ್ತದೆ.

ಆದರೆ ಅದರ ಮುಂದಿನ ಪಾಠದಲ್ಲಿ ಅತ್ತಿಗೆ ಏನೋ ಸಿಕ್ಕಿತು. ಬೇಕು-ಬೇಡಗಳನ್ನು ಹೇಳುವ ಪಾಠ ಅದು. ವಾಂಟ್ ಅಂದರೆ ಒರಟು, ವುಡ್ ಲೈಕ್ ಅಂದರೆ ಮರ್ಯಾದೆ, ಪ್ರಿಫರ್ ಅಂದರೆ ಎರಡರಲ್ಲಿ ಒಂದನ್ನು ಆರಿಸುವುದು, ವುಡ್ ರಾದರ್ ಅಂದರೆ ಅದಕ್ಕಿಂತ ಇದೇ ವಾಸಿ ಎನ್ನುವುದು. ವಾಪಸು ಬರುವಾಗ ಬಸ್ಸಿನಲ್ಲಿ ಕಾಗದದ ಪೊಟ್ಟಣದ ಬಿಸಿ ಮಿರ್ಚಿ ಭಜಿ ಹಂಚಿಕೊಳ್ಳುತ್ತ ಅವಳು ಅದನ್ನೇ ಬಾಯಿಪಾಠ ಮಾಡುತ್ತಿದ್ದಳು. ಒಂದು ದಿನ ಮೋಟೆಬೆನ್ನೂರು ದಾಟುವಾಗ ಹೇಳಿದಳು: "ನಮ್ಮಲ್ಲಿ ಬೇಕು ಅಂದ್ರ ಹಟ, ಬ್ಯಾಡ ಅಂದ್ರ ಸೊಕ್ಕು. ಇವರಲ್ಲಿ ನಡುವ ಎಷ್ಟ ಮೆಟ್ಟಲ ಅದಾವು ನೋಡ ವೀಣಾ."

ನನಗೆ ಅರ್ಥವಾಗಲಿಲ್ಲ. ಕೊನೆಯ ಮಿರ್ಚಿ ಯಾರಿಗೆ ಎಂಬುದಷ್ಟೇ ನನ್ನ ಚಿಂತೆ.

ಕನ್ಯೆ ನೋಡಲು ಬರುವುದಕ್ಕೆ ಇನ್ನು ಐದು ದಿನ ಇದೆ ಎನ್ನುವಾಗ, ಸರ್ ಯಾರಾದರೂ ಕರೆದರೆ ಬರಲಾಗದು ಎಂದು ನಯವಾಗಿ ಹೇಳುವುದನ್ನು ಕಲಿಸಿದರು. ಕ್ಲಾಸು ಬಿಟ್ಟ ಮೇಲೆ ಅತ್ತಿ ಅವರ ಮೇಜಿನ ಹತ್ತಿರ ನಿಂತು ಬಹಳ ಹೊತ್ತು ಏನೋ ಕೇಳಿ ತನ್ನ ಪಟ್ಟಿಯಲ್ಲಿ, ಅಂದರೆ ನೋಟುಬುಕ್ಕಿನಲ್ಲಿ, ಬರೆಸಿಕೊಂಡಳು. ಬಸ್ಸಿನಲ್ಲಿ ಆ ಪಟ್ಟಿ ತೆರೆದು ನನಗೆ ತೋರಿಸಿದಳು. ಎರಡು ಸಾಲು. "ಐ ವುಡ್ ಪ್ರಿಫರ್ ಟು ಸ್ಟಡಿ ಫರ್ದರ್. ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಡಿಕ್ಲೈನ್ಡ್."

"ಹಂಗಂದ್ರ ಏನತ್ತಿ?"

"ನನಗ ಮುಂದ ಓದೂದು ಐತಿ. ನೀವ ನನ್ನ ಬ್ಯಾಡ ಅಂದ್ರ ನಿಮ್ಮ ಉಪಕಾರ ಮರಿಯೂದಿಲ್ಲ ಅಂತ." ಅವಳು ಪಟ್ಟಿ ಮುಚ್ಚಿದಳು. "ಹುಡುಗ ಹಾಬಿ ಕೇಳೇ ಕೇಳ್ತಾನ. ಆಗ ಇದನ್ನ ಹೇಳ್ತೇನಿ. ಅಂವ ಕಲತಾಂವ, ಅಂವಗ ತಿಳೀತೈತಿ. ತಾನ ಬ್ಯಾಡಂತಾನ. ಅಪ್ಪನ ಮಾನಾನೂ ಹೋಗೂದಿಲ್ಲ, ನನ್ನ ಮಾತೂ ಉಳೀತೈತಿ. ಮನ್ಯಾಗ ಯಾರಿಗೂ ಗೊತ್ತಾಗಬಾರದು. ಆಣಿ ಮಾಡು."

ಆಣೆ ಮಾಡಿದೆ. ದೊಡ್ಡವರೊಬ್ಬರು ನನ್ನನ್ನು ಗುಟ್ಟಿಗೆ ಸೇರಿಸಿಕೊಂಡದ್ದು ಅದೇ ಮೊದಲು. ಆ ಮಟ್ಟಿಗೆ ರಜೆ ಹಾಳಾದ ದುಃಖವೂ ಕಡಿಮೆಯಾಯಿತು.

ಅವರು ಬಂದ ದಿನ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಒಳಗಿನಿಂದ ಒಗ್ಗರಣೆ ಅವಲಕ್ಕಿಯ ವಾಸನೆ. ಹುಡುಗ, ಅವನ ತಂದೆ ತಾಯಿ, ಕಾಕಾ, ಜೊತೆಗೆ ಮಧ್ಯಸ್ಥಗಾರ. ಹುಡುಗ ಒಳ್ಳೆಯವನಂತೆಯೇ ಕಂಡ. ನೆಲ ನೋಡುತ್ತ ಕೂತಿದ್ದ. ಅತ್ತಿ ಚಹಾ ಕೊಟ್ಟು ಚಾಪೆಯ ಮೇಲೆ ಕೂತಳು. ನಾನು ಅಜ್ಜನ ಮಗ್ಗುಲಲ್ಲಿದ್ದೆ.

"ಏನರ ಕೇಳೂದಿದ್ರ ಕೇಳಪಾ" ಎಂದರು ಕಾಕಾ.

ಹುಡುಗ ಗಂಟಲು ಸರಿಮಾಡಿಕೊಂಡ. "ವಾಟ್ ಆರ್ ಯುವರ್ ಹಾಬೀಸ್?"

ಅತ್ತಿ ತಲೆ ಎತ್ತಿದಳು. ನೇರ ಅವನ ಮುಖ ನೋಡಿ, ಒಂದಕ್ಷರವೂ ತಡವರಿಸದೆ ಆ ಎರಡೂ ಸಾಲು ಹೇಳಿದಳು. ಅಜ್ಜನ ಮುಖ ಹಿಗ್ಗಿನಿಂದ ಊದಿಕೊಂಡಿತ್ತು. ಹುಡುಗ ತಲೆ ಇನ್ನಷ್ಟು ತಗ್ಗಿಸಿದ. ತಿಳಿಯಿತು ಅವನಿಗೆ, ಅದಕ್ಕೇ ನಾಚಿಕೆಯಾಗಿದೆ ಎಂದುಕೊಂಡೆ.

ಆಗ ಅವನ ತಾಯಿ, "ಏನಂದ್ಳರೀ? ನಮಗೂ ಒಂಚೂರ ತಿಳಸ್ರಿ" ಎಂದರು.

"ನಮ್ಮ ಮೊಮ್ಮಗಳೂ ಕಲತಾಳ್ರಿ" ಎಂದು ಅಜ್ಜ ನನ್ನ ಬೆನ್ನು ತಟ್ಟಿದ. "ಹೇಳವಾ ವೀಣಾ."

ಎಲ್ಲರ ಕಣ್ಣು ನನ್ನ ಮೇಲೆ. ಹೇಳಬೇಕಾದವನಿಗೆ ಅತ್ತಿ ಹೇಳಿಯಾಗಿದೆ, ಉಳಿದವರಿಗೆ ಗೊತ್ತಾಗಬಾರದು, ನಾನು ಆಣೆ ಮಾಡಿದ್ದೇನೆ. ಇಷ್ಟೇ ನನ್ನ ತಲೆಯಲ್ಲಿದ್ದದ್ದು. "ಅಡಗಿ ಮಾಡೂದು, ಕಸೂತಿ ಹಾಕೂದು, ಹಾಡು ಕೇಳೂದು ಅಂದ್ರ ಇಷ್ಟ ಅಂದ್ಳರಿ" ಎಂದೆ.

ಹುಡುಗ ತಟ್ಟನೆ ಮುಖ ಎತ್ತಿದ. "ವೆರಿ ಗುಡ್, ವೆರಿ ಗುಡ್" ಎಂದ. ಅವನ ಹಣೆಯ ಬೆವರು ಆರಿದಂತೆ ಕಂಡಿತು. ಅತ್ತಿ ನನ್ನ ಕಡೆ ತಿರುಗಿದಳು. ಸಿಟ್ಟಿನ ನೋಟವಲ್ಲ ಅದು. ಓಡುತ್ತಿದ್ದವಳನ್ನು ಹಿಂದಿನಿಂದ ಯಾರೋ ಜಗ್ಗಿದಂಥ ನೋಟ.

ಅವರು ಹೋದ ಮೇಲೆ ಹಿತ್ತಲಿಗೆ ಕರೆದು, "ನೀ ಯಾಕ ಬಾಯಿ ಹಾಕಿದಿ?" ಎಂದಳು.

"ಯಾರಿಗೂ ಗೊತ್ತಾಗಬಾರದು ಅಂತ ನೀನ ಅಂದಿದ್ದಿ."

"ಹೌದು, ನಾನ ಅಂದಿದ್ದೆ. ಇರಲಿ ಬಿಡು, ಅಂವಗ ತಿಳದಿರತೈತಿ. ಬಿ.ಕಾಂ. ಅಲ್ಲಾ."

ಮೂರನೆಯ ದಿನ ಗುತ್ತಲದಿಂದ ಸುದ್ದಿ ಬಂತು. ಹುಡುಗಿ ಒಪ್ಪಿಗೆ. ಅಷ್ಟು ಚಂದ ಇಂಗ್ಲಿಷ್ ಮಾತಾಡಿದ್ದನ್ನು ಹುಡುಗ ಬಾಯಿತುಂಬ ಹೊಗಳಿದ್ದಾನಂತೆ. ಆಯಿ ಓಣಿಗೆಲ್ಲ ಸಕ್ಕರೆ ಹಂಚಿದಳು.

ಅತ್ತಿ ಕನ್ನಡದಲ್ಲೇ ಹೇಳಿದಳು, ಅಜ್ಜನ ಎದುರು ನಿಂತು. "ಅಪ್ಪಾ, ನನಗ ಈಗ ಲಗ್ನ ಬ್ಯಾಡ. ನಾ ಮುಂದ ಓದಬೇಕು." ಅಜ್ಜ ಬೈದಿದ್ದರೆ ಚೆನ್ನಾಗಿತ್ತು. ಅವನು ನಕ್ಕ. ಆಯಿಯೂ ನಕ್ಕಳು. "ಎಲ್ಲಾ ಹುಡುಗ್ಯಾರೂ ಮದಲ ಹಂಗ ಅಂತಾರ. ನಾನೂ ಅಂದಿದ್ದೆ" ಎಂದಳು.

ನನಗೆ ತಡೆಯಲಾಗಲಿಲ್ಲ. "ಅವತ್ತೂ ಅತ್ತಿ ಬ್ಯಾಡ ಅಂತನ ಹೇಳಿದ್ಲು! ನಾನ ತಪ್ಪ ಹೇಳೇನಿ!" ಎಂದು ಕೂಗಿದೆ.

ಅಪ್ಪ ನನ್ನ ರಟ್ಟೆ ಹಿಡಿದ. "ಅವತ್ತೊಂದು, ಇವತ್ತೊಂದು. ಯಾವುದು ಖರೇ?"

"ಇದು ಖರೇ."

"ಹಂಗಾರ ಅವತ್ತ ಮಂದಿ ಮುಂದ ಸುಳ್ಳ ಹೇಳಿದೇನು?"

ನಾನು ಓಡಿಹೋಗಿ ಅತ್ತಿಯ ಪಟ್ಟಿ ತಂದೆ, ಆ ಎರಡು ಸಾಲು ಗಟ್ಟಿಯಾಗಿ ಓದಿದೆ, ಅರ್ಥವನ್ನೂ ಹೇಳಿದೆ. ಅಪ್ಪ ಪಟ್ಟಿಯನ್ನು ಹಿಂದೆ ಮುಂದೆ ತಿರುವಿ ನೋಡಿದ. ಅವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. "ಪಾಠದಾಗ ಏನೇನೋ ಇರತಾವು" ಎಂದು ಗೋಡೆಯ ಮಾಡದೊಳಗಿಟ್ಟ. ಅಳುತ್ತಿದ್ದ ನನಗೆ ಅವ್ವ ಬೆಲ್ಲ ಶೇಂಗಾ ಕೊಟ್ಟಳು. ಅತ್ತಿ ಅಳಲಿಲ್ಲ. ಮತ್ತೆ ಆ ಮಾತನ್ನೂ ಎತ್ತಲಿಲ್ಲ. ಮುಂಗಾರು ಹಿಡಿಯುವ ಮುಂಚೆ ಲಗ್ನವಾಯಿತು. ಕ್ಲಾಸಿನ ಉಳಿದ ವಾರಗಳಿಗೆ ನಾವಿಬ್ಬರೂ ಹೋಗಲೇ ಇಲ್ಲ. ನನಗೆ ರಜೆ ಮರಳಿ ಸಿಕ್ಕಿತ್ತು, ಆದರೆ ಸಂಜೆ ಬಯಲಿನಲ್ಲಿ ನಮ್ಮನ್ನು ಸಾಲಾಗಿ ಕೂರಿಸುವವರು ಇರಲಿಲ್ಲ.

ಎರಡು ವರ್ಷದ ಮೇಲೆ ಗುತ್ತಲಕ್ಕೆ ಹೋದಾಗ ಮಾವ ಊಟಕ್ಕೆ ಕೂತು ನಗುತ್ತ ಹೇಳಿದರು: "ನನಗ ಬರತಿದ್ದದ್ದು ಅದೊಂದ ಪ್ರಶ್ನಿ. ಪುಸ್ತಕ ನೋಡಿ ಬಾಯಿಪಾಠ ಮಾಡಿದ್ದೆ. ನಿಮ್ಮತ್ತಿ ಹೇಳಿದ್ದರಾಗ ಗ್ರೇಟ್ ಅನ್ನೂದೊಂದ ತಿಳೀತು ನೋಡು. ಆಮ್ಯಾಲೆ ನೀ ಕನ್ನಡದಾಗ ಹೇಳಿದಿ, ನಾ ಬದುಕಿದೆ!" ಎಲ್ಲರೂ ನಕ್ಕರು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅತ್ತಿಯ ಕೈ ಒಂದು ಗಳಿಗೆಯೂ ನಿಲ್ಲಲಿಲ್ಲ. ಆ ಮನುಷ್ಯನ ಮೇಲೆ ಸಿಟ್ಟು ಮಾಡಬೇಕೆಂದರೂ ಆಗುತ್ತಿರಲಿಲ್ಲ. ಅವರು ಅವಳನ್ನು ಚೆನ್ನಾಗಿಯೇ ನೋಡಿಕೊಂಡರು, ಇಂದಿಗೂ ನೋಡಿಕೊಳ್ಳುತ್ತಾರೆ. ಹಾಗಾಗಿ ಈ ಸಿಟ್ಟಿಗೆ ಹೋಗಿ ಕೂರಲು ಒಂದು ಜಾಗವೇ ಇಲ್ಲ.

ಈಗ ನಾನು ಹಾವೇರಿಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹೋದ ತಿಂಗಳು ಅತ್ತಿ ಕಣ್ಣು ತೋರಿಸಲು ಬಂದಿದ್ದಳು. ಆಸ್ಪತ್ರೆಯಿಂದ ಬರುತ್ತ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಕೂತೆವು. ಇಷ್ಟು ವರ್ಷ ಬಾಯಿಗೆ ಬಂದು ಬಂದು ಹಿಂದೆ ಹೋಗುತ್ತಿದ್ದ ಮಾತನ್ನು ಅವತ್ತು ಆಡಿಬಿಟ್ಟೆ. "ಅವತ್ತ ನಾ ಖರೇ ಅರ್ಥ ಹೇಳಬೇಕಿತ್ತತ್ತಿ."

"ಏ ಹುಚ್ಚಿ" ಎಂದಳು. "ಹೇಳಿದ್ರ ಒಂದಿನ ಗದ್ದಲ ಆಗತಿತ್ತು. ಮುಂದಿನ ತಿಂಗಳ ಬ್ಯಾರೆ ಯಾರೋ ಬರತಿದ್ರು. ನೀ ಇನ್ನೂ ಅದನ್ನ ತಲಿಯಾಗ ಇಟಗೊಂಡ ಕುಂತೀಯೇನು?"

ಅವಳು ಬೈದಿದ್ದರೆ ಹಗುರಾಗುತ್ತಿದ್ದೆನೋ ಏನೋ. ಈ ಸಮಾಧಾನ ನನಗೆ ಬೇಡವಾಗಿತ್ತು. ಬೋರ್ಡಿನ ಮೇಲೆ ಹುಡುಗಿಯರಿಗೆಂದು ಬರೆದ ಆ ಮೂರು ಹಾಬಿಗಳನ್ನು ಬದಿಗಿಟ್ಟು, ತನಗೆ ಬೇಕಾದ್ದನ್ನು ಎರಡು ಭಾಷೆಯಲ್ಲಿ ನೆಟ್ಟಗೆ ಹೇಳಿದ ಹುಡುಗಿಯೊಬ್ಬಳು ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿದ್ದಳು. ಒಂದು ಭಾಷೆ ಯಾರಿಗೂ ತಿಳಿಯಲಿಲ್ಲ, ಇನ್ನೊಂದಕ್ಕೆ ಎಲ್ಲರೂ ನಕ್ಕರು. ಆ ಹುಡುಗಿಯನ್ನು ಎಲ್ಲಿ ಕಳೆದೆವು ಎಂದು ಕೇಳುವುದಕ್ಕೆ ಅಜ್ಜ, ಆಯಿ ಇಬ್ಬರೂ ಈಗಿಲ್ಲ.

ಮಾಣಿ ಬಂದು ನಿಂತ. "ನಿನಗೇನ ಬೇಕ ಹೇಳತ್ತಿ" ಎಂದೆ. ಅವಳು ಗೋಡೆಯ ಮೇಲಿನ ತಿಂಡಿಯ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ, "ಯಾವುದಾದ್ರೂ ನಡೀತೈತವಾ. ಅಂವ ನಿಂತಾನ, ಲಗೂ ನೀನ ಹೇಳು" ಎಂದಳು.

ಎರಡು ಮಸಾಲೆ ದೋಸೆ ಹೇಳಿದೆ. ಅವಳು ಒಂದು ತುಣುಕೂ ಬಿಡದೆ ತಿಂದಳು. ಸೇರಿತೋ ಇಲ್ಲವೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.