ಅತ್ತೆಯ ದನಿ

ಸೊಸ್ಸಿಯೊ ಪೆಲೂಸೊನಿಗೆ ಒಳ್ಳೆಯ ಕಂಠ ಕೊಟ್ಟ ದೇವರು ಅದಕ್ಕೆ ತಕ್ಕ ಮುಖ ಕೊಡುವುದನ್ನು ಮರೆತಿದ್ದ. ಕುಳ್ಳು ಮೈ, ಗಜ್ಜುಗದಂಥ ಕಣ್ಣು, ಹೆಬ್ಬೆಟ್ಟಿನಿಂದ ಒತ್ತಿ ಕೂರಿಸಿದಂಥ ಮೂಗು. ಅವನ ಅಪ್ಪ ಫ್ರಾತ್ತಾ ಊರಿನಲ್ಲಿ ಹಗ್ಗ ಹೊಸೆಯುತ್ತಿದ್ದವನು. ಪಾದ್ರಿಯ ಮಾತು ಕೇಳಿ, ಇಗರ್ಜಿಯಲ್ಲಿ ಹಾಡುತ್ತಿದ್ದ ಮಗನನ್ನು ನೇಪಲ್ಸಿನ ಸಂಗೀತಶಾಲೆಗೆ ಸೇರಿಸಿದ. ಹತ್ತು ವರ್ಷ ಕಲಿತು ಹೊರಬಂದಾಗ ಸೊಸ್ಸಿಯೊನ ಗಂಟಲಿನಲ್ಲಿ ನಾಯಕನ ದನಿಯಿತ್ತು. ಆದರೆ ಅವನು ರಂಗದ ಮೇಲೆ ಮಂಡಿಯೂರಿ "ನನ್ನ ಪ್ರಾಣವೇ" ಎಂದು ಹಾಡಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಎರಡನೆಯ ಒಪೆರಾಕ್ಕೇ ಕಂಪನಿ ಯಜಮಾನ ಅವನ ಕೈಗೊಂದು ಲಂಗ, ಒಂದು ತಲೆವಸ್ತ್ರ ಕೊಟ್ಟ. ಆಗೆಲ್ಲ ನೇಪಲ್ಸಿನ ನಗೆಯ ಒಪೆರಾಗಳಲ್ಲಿ ಮುದುಕಿಯ ಪಾತ್ರ ಹಾಡುತ್ತಿದ್ದವರು ಗಂಡಸರೇ. ಸೊಸ್ಸಿಯೊ ಮೊದಲ ದಿನ ಆ ಲಂಗವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದ. ಆಮೇಲೆ ಉಟ್ಟುಕೊಂಡ. ಹೊಟ್ಟೆಪಾಡು ನಡೆಯಬೇಕಲ್ಲ.

ಆ ಲಂಗವನ್ನು ಅವನ ಅಳತೆಗೆ ಹೊಲಿದುಕೊಟ್ಟವಳು ನಾಟಕಶಾಲೆಯ ಬಟ್ಟೆ ಹೊಲಿಯುತ್ತಿದ್ದ ಬ್ರಿಜಿದಾ. ಅಳತೆ ತೆಗೆಯುವಾಗ ನಗದೆ ಇದ್ದವಳು ಅವಳೊಬ್ಬಳೇ. ಮುಂದಿನ ವರ್ಷ ಇಬ್ಬರಿಗೂ ಮದುವೆಯಾಯಿತು. ಬ್ರಿಜಿದಾಳ ಜೊತೆಗೆ ಅವಳ ತಾಯಿಯೂ ಬಂದಳು.

ತಾಯಿಯ ಹೆಸರು ಮೆನೆಕಾ. ಪಿನ್ಯಾಸೆಕ್ಕಾ ಸಂತೆಬೀದಿಯಲ್ಲಿ ಬೇಯಿಸಿದ ಬೋಟಿ ಮಾರುವ ವಿಧವೆ. ಬಿಸಿ ಬೋಟಿಯನ್ನು ಹಲಗೆಯ ಮೇಲೆ ಕತ್ತರಿಸಿ, ನಿಂಬೆ ಹಿಂಡಿ, ಎತ್ತಿನ ಕೊಂಬಿನಲ್ಲಿ ತುಂಬಿಟ್ಟ ಉಪ್ಪು ಉದುರಿಸಿ ಕೊಡುತ್ತಿದ್ದಳು. ಪಕ್ಕದ ಮೀನಿನವಳೊಂದಿಗೆ ಅವಳು ಜಾಗಕ್ಕಾಗಿ ಜಗಳಕ್ಕೆ ನಿಂತರೆ ಬೀದಿಯ ಆ ತುದಿಯವರೂ ಕೆಲಸ ಬಿಟ್ಟು ಬರುತ್ತಿದ್ದರು. ಜನ್ಮದಲ್ಲಿ ನಾಟಕಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಳಿಯ ಹೆಂಗಸಿನ ಬಟ್ಟೆ ಉಡುತ್ತಾನೆಂಬುದು ಅವಳಿಗೆ ನುಂಗಲಾರದ ತುತ್ತಾಗಿತ್ತು.

"ಏನ್ರೀ ಅಳಿಯಂದ್ರೇ, ಇವತ್ತು ಲಂಗಕ್ಕೆ ಇಸ್ತ್ರಿ ಆಯ್ತಾ?" ಎಂದು ಬೆಳಗಾದರೆ ಕೆಣಕುವಳು. ನೆರೆಯವರು ಕೇಳಿದರೆ, "ಮಗಳಿಗೆ ಗಂಡ ಸಿಗ್ಲಿ ಅಂತ ಹುಡುಕಿದೆ ಕಣ್ರಮ್ಮ. ಇನ್ನೊಬ್ಬಳು ಅತ್ತೆ ಸಿಕ್ಕಿದ್ಲು" ಅನ್ನುವಳು. ಸೊಸ್ಸಿಯೊ ತಲೆ ತಗ್ಗಿಸಿ ಸೂಪು ಕುಡಿಯುತ್ತಿದ್ದ.

ಹೀಗೇ ಆರು ವರ್ಷ ಕಳೆಯಿತು. ಊರ ಹತ್ತಿರದ ಬೆಂಕಿಬೆಟ್ಟ ಬೂದಿ ಕಾರಿದ ಮರುವರ್ಷ ದೊನ್ ಲಿಬೋರಿಯೊ ಎಂಬ ಸಂಗೀತದ ಮೇಷ್ಟ್ರು 'ಸುಳ್ಳು ಸೊಸೆ' ಎಂಬ ಹೊಸ ಒಪೆರಾ ಬರೆದ. ಅದರಲ್ಲಿ ತೊಲ್ಲಾ ಎಂಬ ಮುದುಕಿ ಬ್ರೆಡ್ಡಿನ ಅಂಗಡಿ ಇಟ್ಟಿರುತ್ತಾಳೆ. ಮಗ ಸೊಸೆಯೆಂದು ಕರೆತಂದ ಹುಡುಗಿ ಸೊಸೆಯೇ ಅಲ್ಲವೆಂದು ತಿಳಿದಾಗ ಬೀದಿಗೆ ಬಂದು ರಂಪ ಮಾಡುತ್ತಾಳೆ. ಆ ರಂಪದ ಹಾಡು ಮಾತ್ರ ಅಭ್ಯಾಸದಲ್ಲಿ ಏಳಲೇ ಇಲ್ಲ.

"ಇದೇನು ಜಗಳವಾ, ಜಪವಾ?" ಎಂದು ಮೇಷ್ಟ್ರು ಗದರಿದ.

ಸೊಸ್ಸಿಯೊಗೆ ರೇಗಿತು. ಅಂದು ಬೆಳಿಗ್ಗೆ ಅತ್ತೆ ಮೀನಿನವಳನ್ನು ಝಾಡಿಸಿದ್ದು ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು. ಅವನು ಗಂಟಲನ್ನು ಒರಟು ಮಾಡಿ, ಮಾತಿನ ಕೊನೆಯನ್ನು ಎಳೆದು, ಉಸಿರು ಬಿಡದೆ ಒಂದೇ ಸಮನೆ ಹಾಡಿಬಿಟ್ಟ. ಪಿಟೀಲಿನವರು ಕಮಾನು ಕೆಳಗಿಟ್ಟು ನಕ್ಕರು. ಮೇಷ್ಟ್ರು ನಗಲಿಲ್ಲ. ಹಾಳೆ ಎಳೆದುಕೊಂಡು ಅಲ್ಲೇ ಹಾಡನ್ನು ತಿದ್ದತೊಡಗಿದ. "ಇನ್ನೊಂದ್ಸಲ ಹಾಡು. ಆ ಎಳೆಯೋದಿದೆಯಲ್ಲ, ಅದನ್ನ ಬಿಡ್ಬೇಡ," ಎಂದ.

ಮೊದಲ ಪ್ರದರ್ಶನದ ಸಂಜೆ ಪಿನ್ಯಾಸೆಕ್ಕಾದ ಅರ್ಧ ಜನ ಕೆಳಗಿನ ಬೆಂಚುಗಳಲ್ಲಿದ್ದರು. ರಂಪದ ಹಾಡು ಎರಡು ಸಾಲು ದಾಟಿರಲಿಲ್ಲ, ಯಾರೋ "ಮೆನೆಕಾ!" ಎಂದು ಕೂಗಿದರು. ಆಮೇಲೆ ಎಲ್ಲರೂ ಕೂಗಿದರು. ಆ ಹಾಡನ್ನು ಮೂರು ಸಲ ಹಾಡಿಸಿದರು. ಸೊಸ್ಸಿಯೊನ ಬಾಳಿನಲ್ಲಿ ಅವನಿಗಾಗಿ ಹೂ ಬಿದ್ದದ್ದು ಅದೇ ಮೊದಲು. ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಮನೆಗೆ ಹೋಗುವುದು ಹೇಗೆಂದು ಅವನಿಗೆ ಚಿಂತೆಯಾಗಿತ್ತು.

ಬೆಳಿಗ್ಗೆ ಗಿರಾಕಿಗಳು ಹಲಗೆಯ ಮುಂದೆ ನಿಂತು, "ಮೆನೆಕಾ, ಆ ಹಾಡು ಒಂದ್ಸಲ ಹೇಳಮ್ಮ" ಎಂದರು. ಅವಳಿಗೆ ಅರ್ಥವಾಗುವ ಹೊತ್ತಿಗೆ ಮೀನಿನವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಾಗಿತ್ತು.

ಅಂದಿನಿಂದ ಮೆನೆಕಾ ಅಳಿಯನ ಜೊತೆ ಮಾತು ಬಿಟ್ಟಳು. ಬೈದಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದ. ಮೌನವನ್ನು ತಡೆಯಲಾಗಲಿಲ್ಲ. ಉಪ್ಪು ಬೇಕಾದರೂ ಅವಳು ಮಗಳ ಮೂಲಕವೇ ಕೇಳುವಳು.

"ಹೋಗಿ ತಪ್ಪಾಯ್ತು ಅನ್ನಿ," ಎಂದಳು ಬ್ರಿಜಿದಾ.

"ಅಂದೆ. ಗೋಡೆ ನೋಡ್ತಾ ನಿಂತ್ರು."

"ಹಾಡು ಬಿಟ್ಬಿಡಿ ಹಾಗಾದ್ರೆ."

"ಅದೊಂದೇ ಕಣೇ ಜನ ನನ್ನಿಂದ ಕೇಳ್ತಿರೋದು," ಎಂದ ಸೊಸ್ಸಿಯೊ.

ಸುಮಾರು ನಲವತ್ತು ದಿನವಾಗಿತ್ತು. ಒಂದು ಭಾನುವಾರ ಅವನು ರಂಪದ ಹಾಡು ಶುರು ಮಾಡಿದ್ದಾನೆ, ಮೇಲಿನ ಅಟ್ಟದ ಸಾಲಿನಿಂದ ಒಂದು ದನಿ ಸಿಡಿಯಿತು.

"ಅಯ್ಯೋ ನಿನ್ನ! ಸೊಂಟದ ಮೇಲಲ್ಲ ಕಣೋ ಕೈ! ನಾನ್ಯಾವತ್ತು ಸೊಂಟದ ಮೇಲೆ ಕೈ ಇಟ್ಟಿದ್ದೀನಿ? ಒಂದು ಕೈಯಲ್ಲಿ ಚಾಕು, ಇನ್ನೊಂದ್ರಲ್ಲಿ ನಿಂಬೆಹಣ್ಣು!"

ವಾದ್ಯಗಳು ನಿಂತವು. ಸೊಸ್ಸಿಯೊ ಸೊಂಟದ ಮೇಲಿನ ಕೈ ತೆಗೆದ. ಆದರೆ ಬಾಯಿಗೆ ಅಭ್ಯಾಸವಾಗಿತ್ತಲ್ಲ, ಅತ್ತೆಯ ದನಿಯಲ್ಲೇ ಮಾತು ಹೊರಬಿತ್ತು.

"ಯಾರಮ್ಮ ಅದು ಮೇಲ್ಗಡೆ? ಬೋಟಿ ಬೇಕಾದ್ರೆ ಬೆಳಿಗ್ಗೆ ಬಾ!"

"ನನ್ನ ಬೋಟಿ ನಂಗೇ ಮಾರ್ತೀಯಾ? ಮನೆಗೆ ಬಾ, ನಿಂಗೆ ಊಟ ಯಾರು ಹಾಕ್ತಾರೆ ನೋಡ್ತೀನಿ!"

ಜನ ಬೆಂಚುಗಳ ಮೇಲೆ ಎದ್ದು ನಿಂತು ಕುಣಿದರು. ಇಬ್ಬರು ಮೆನೆಕಾಗಳು ಒಂದಷ್ಟು ಹೊತ್ತು ಹಾಗೇ ಕಚ್ಚಾಡಿದರು. ಕೊನೆಗೆ ಮೇಲಿದ್ದವಳು, "ಸಾಕು, ಹಾಡು ಮುಗಿಸು" ಎಂದು ಕೂತಳು.

ಮಾರನೆಯ ಬೆಳಿಗ್ಗೆ ಅವಳು ಕರುಳು ತೊಳೆಯುತ್ತಾ, ತಲೆಯೆತ್ತದೆ ಮಾತಾಡಿದಳು. "ಚೆನ್ನಾಗೇ ಕೂಗ್ತೀಯ. ಆದ್ರೆ ನಿನ್ನ ಮುದುಕಿಗೆ ದಣಿವೇ ಇಲ್ವಲ್ಲೋ."

"ಅಂದ್ರೆ, ಅತ್ತೆ?"

"ಜಗಳ ಆಡಿದ್ಮೇಲೆ ನಾನೇನ್ ಮಾಡ್ತೀನಿ, ಹೇಳು."

ಸೊಸ್ಸಿಯೊಗೆ ಗೊತ್ತಿರಲಿಲ್ಲ. ಆರು ವರ್ಷ ಒಂದೇ ಸೂರಿನ ಕೆಳಗಿದ್ದೂ ಗೊತ್ತಿರಲಿಲ್ಲ.

"ಕೂತ್ಕೋತೀನಿ," ಎಂದಳು ಮೆನೆಕಾ. "ಮಂಡಿ ತಿಕ್ಕೋತೀನಿ. ಎದೆ ಡಬಡಬ ಅಂತಿರುತ್ತೆ. ಯಾಕಾದ್ರೂ ಬಾಯಿ ಬಿಟ್ಟೆ ಅನ್ಸುತ್ತೆ. ನನ್ ಗಂಡ ಸತ್ತಾಗ ಬ್ರಿಜಿದಾ ಇನ್ನೂ ಎದೆಹಾಲು ಕುಡೀತಿದ್ಲು. ಬಾಯಿ ಮಾಡ್ದೇ ಇದ್ದಿದ್ರೆ ಆ ಬೀದೀಲಿ ನನ್ ಜಾಗ ನಂಗುಳೀತಿತ್ತಾ? ನೀನು ಕೂಗಿದ್ದಷ್ಟೇ ಕೇಳಿಸ್ಕೊಂಡೆ. ಕೂತಿದ್ದನ್ನ ನೋಡ್ಲೇ ಇಲ್ಲ."

ಆ ವಾರ ಸೊಸ್ಸಿಯೊ ರಂಗದ ಮೇಲೆ ಒಂದು ಹಿಟ್ಟಿನ ಚೀಲ ಇಡಿಸಿದ. ಹಾಡಾದ ಮೇಲೆ ಅದರ ಮೇಲೆ ಕೂರುತ್ತೇನೆ ಎಂದಾಗ ಮೇಷ್ಟ್ರು ಹಣೆ ಚಚ್ಚಿಕೊಂಡ. "ನಗಿಸೋ ಒಪೆರಾದಲ್ಲಿ ಸುಮ್ನೆ ಕೂರೋದಾ? ಜನ ಎದ್ದು ಹೋಗ್ತಾರೆ!"

ಜನ ಎದ್ದು ಹೋಗಲಿಲ್ಲ. ಮುದುಕಿ ತೊಲ್ಲಾ ರಂಪ ಮುಗಿಸಿ, ಚೀಲದ ಮೇಲೆ ಕುಸಿದು, ಲಂಗದ ಮೇಲಿಂದಲೇ ಮಂಡಿ ತಿಕ್ಕಿಕೊಂಡಳು. ಯಾರೋ ಒಬ್ಬ ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದ. ನಾಟಕಶಾಲೆಯೆಲ್ಲ ಸದ್ದಿಲ್ಲದೆ ಕೂತಿತ್ತು. ಮೂರನೆಯ ದಿನ ಮೇಷ್ಟ್ರು ಯಾರಿಗೂ ಹೇಳದೆ ಆ ಜಾಗಕ್ಕೆ ಪಿಟೀಲಿನ ನಾಲ್ಕು ಮೆತ್ತನೆಯ ಸಾಲು ಬರೆದು ಸೇರಿಸಿದ್ದ.

'ಸುಳ್ಳು ಸೊಸೆ'ಯ ಹೆಸರು ಹಬ್ಬಿತು. ಲಿವೋರ್ನೊ, ವೆನಿಸ್ ಕಡೆಯವರೂ ಕಂಪನಿಯನ್ನು ಕರೆಸಿಕೊಂಡರು. ನೇಪಲ್ಸಿನ ಬೀದಿಮಾತು ಅಲ್ಲಿಯವರಿಗೆ ತಿಳಿಯದೆಂದು ಮಾತುಗಳನ್ನೆಲ್ಲ ತೊಸ್ಕಾನದ ನಾಜೂಕು ಭಾಷೆಗೆ ತಿರುಗಿಸಿದರು. ತೊಲ್ಲಾಳ ಬೈಗುಳಗಳು ಸೋಪು ಹಾಕಿ ತೊಳೆದಂತಾದವು. ವೆನಿಸ್ಸಿನವರು ರಂಪದ ಹಾಡಿಗೆ ನಗಲಿಲ್ಲ. ಸೊಸ್ಸಿಯೊ ಚೀಲದ ಮೇಲೆ ಕೂತಾಗ ಮಾತ್ರ ನೇಪಲ್ಸಿನವರ ಹಾಗೆಯೇ ಸುಮ್ಮನಾದರು. ಅತ್ತೆ ಜ್ವರದಿಂದ ಹೋದಳೆಂಬ ಸುದ್ದಿ ಅಲ್ಲಿಗೇ ಬಂತು. ಮಣ್ಣು ಮಾಡಿ ಆಗಲೇ ಮೂರು ವಾರವಾಗಿತ್ತು. ಅವನು ಅಂದೂ ಲಂಗ ಉಟ್ಟು ಹಾಡಿದ. ಬೈಗುಳ ಮಾತ್ರ ನೇಪಲ್ಸಿನ ಮಾತಿನಲ್ಲೇ ಬಂತು. ಯಾರಿಗೂ ಅರ್ಥವಾಗಲಿಲ್ಲ, ಯಾರೂ ಆಕ್ಷೇಪಿಸಲೂ ಇಲ್ಲ.

ಅವನು ಊರಿಗೆ ಮರಳಿದ ಮೇಲೆ ಬ್ರಿಜಿದಾ ಒಂದು ರೂಢಿ ಮಾಡಿಕೊಂಡಳು. ಆ ಹಾಡಿನ ಹೊತ್ತಿಗೆ ಹೊಲಿಗೆ ಬಿಟ್ಟು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಪರದೆಯ ಮರೆಗೆ ಬಂದು ನಿಲ್ಲುವಳು. ಕೇಳಿ ಹೊರಟುಹೋಗುವಳು. ಒಮ್ಮೊಮ್ಮೆ ಮನೆಯಲ್ಲಿ, "ಇವತ್ತು ಚೀಲದಿಂದ ಸ್ವಲ್ಪ ಬೇಗ ಎದ್ರಿ" ಎನ್ನುವಳು.

ವರ್ಷಗಳು ಉರುಳಿದವು. ಹೊಸ ಒಪೆರಾಗಳು ಬಂದವು, 'ಸುಳ್ಳು ಸೊಸೆ' ಮೂಲೆ ಸೇರಿತು. ಸೊಸ್ಸಿಯೊನಿಗೆ ಐವತ್ತು ದಾಟಿ ಮುಂದಿನ ಎರಡು ಹಲ್ಲು ಬಿದ್ದ ಮೇಲೆ, ಹೊಸ ಯಜಮಾನನೊಬ್ಬ ಅದನ್ನು ಮತ್ತೆ ಆಡಿಸಲು ಹೊರಟ.

"ಕಾಲ ಬದಲಾಯ್ತು ಸೊಸ್ಸಿಯೊ," ಎಂದ ಆತ. "ಗಂಡಸು ಮುದುಕಿ ಆದ್ರೆ ನಗೋರು ಈಗ ಹಳೇ ಜನ ಮಾತ್ರ. ಬೊಲೋನ್ಯದಿಂದ ಒಬ್ಬ ಹಾಡುಗಾರ್ತಿ ಬರ್ತಿದ್ದಾಳೆ. ನಿಂಗೆ ವಕೀಲನ ಪಾತ್ರ ಕೊಡ್ತೀನಿ. ಎರಡು ಸಾಲು ಇದೆ."

"ಬೇಡ ಸ್ವಾಮಿ," ಎಂದಷ್ಟೇ ಹೇಳಿ ಸೊಸ್ಸಿಯೊ ಮನೆಗೆ ಬಂದ. ಸಿಟ್ಟೆಲ್ಲ ಬ್ರಿಜಿದಾಳಿಗೆ ಬಂತು. "ಹೋಗಿ ಲಂಗ ವಾಪಸ್ ಇಸ್ಕೊಂಡ್ ಬನ್ನಿ! ಹೊಲಿದವಳು ನಾನು!"

ನಾಲ್ಕನೆಯ ದಿನ ಆ ಹಾಡುಗಾರ್ತಿಯೇ ಮನೆ ಹುಡುಕಿಕೊಂಡು ಬಂದಳು. ಕ್ಲೆಲಿಯಾ ಎಂದು ಹೆಸರು, ಮೂವತ್ತರ ಹರೆಯ. ಬ್ರಿಜಿದಾ ಬಾಗಿಲಿಗೆ ಅಡ್ಡ ನಿಂತು, "ಅವರಿಗೆ ಗಂಟಲು ನೋವು" ಎಂದಳು.

"ಅವರು ಹಾಡೋದು ಬೇಡಮ್ಮ. ಯಜಮಾನರು ಅವರನ್ನ ಕೇಳ್ಬೇಡ ಅಂದ್ರು, ಅದಕ್ಕೇ ಬಂದೆ. ಇಲ್ಲಿಯವರ ಹಾಗೆ ಬೈಯೋಕೆ ಬರ್ತಾ ಇಲ್ಲ ನಂಗೆ," ಎಂದಳು ಕ್ಲೆಲಿಯಾ.

ಒಳಗಿನಿಂದ ಸೊಸ್ಸಿಯೊ ನಕ್ಕ. ಟೋಪಿ ಹಾಕಿಕೊಂಡು ಹೊರಬಂದು, ಅವಳನ್ನು ಪಿನ್ಯಾಸೆಕ್ಕಾಗೆ ಕರೆದುಕೊಂಡು ಹೋದ. ಎರಡು ವಾರ, ದಿನಾ ಬೆಳಿಗ್ಗೆ ಅದೇ ಪಾಠ. ಮೊದಲ ದಿನ ಕ್ಲೆಲಿಯಾ ಮೀನಿನ ಬುಟ್ಟಿಯಲ್ಲಿದ್ದ ಒಂದು ಆಕ್ಟೋಪಸ್ಸನ್ನು ಒತ್ತಿ ನೋಡುತ್ತಿದ್ದಾಗ ಮೀನಿನವಳ ಮಗಳು, "ಏ ಬೊಲೋನ್ಯದ ಸಾಸೇಜೇ, ಅದನ್ನ ಯಾಕೆ ಹಿಸುಕ್ತೀಯ? ಅದೇನು ನಿನ್ ಗಂಡನಾ?" ಎಂದಳು. ಕ್ಲೆಲಿಯಾ ಕೆಂಪಾಗಿ ಓಡಿಬಂದಳು. ಹತ್ತನೆಯ ದಿನ ಅದೇ ಮಾತಿಗೆ, "ನನ್ ಗಂಡ ಇದಕ್ಕಿಂತ ತಾಜಾ ಇದ್ದಾನೆ" ಎಂದು ತೊದಲುತ್ತಲೇ ತಿರುಗೇಟು ಕೊಟ್ಟಳು. ಸಂತೆ ನಕ್ಕಿತು. ಸೊಸ್ಸಿಯೊ ಎದೆಯುಬ್ಬಿಸಿ ಸುತ್ತ ನೋಡಿದ.

ಅವನು ಆ ಒಪೆರಾವನ್ನು ನೂರಾರು ಸಲ ಹಾಡಿದ್ದರೂ ಎದುರು ಕೂತು ಒಮ್ಮೆಯೂ ನೋಡಿರಲಿಲ್ಲ. ಮೊದಲ ಸಂಜೆ ಬ್ರಿಜಿದಾಳನ್ನು ಕರೆದುಕೊಂಡು ಬೆಂಚಿನ ಮೇಲೆ ಕೂತ. ಕ್ಲೆಲಿಯಾ ರಂಪದ ಹಾಡನ್ನು ಬಿರುಸಾಗಿಯೇ ಹಾಡಿದಳು. ಹಾಡು ಮುಗಿದಾಗ ಸೊಸ್ಸಿಯೊ, "ಕೂರು, ಈಗ ಕೂರು" ಎಂದು ತುಟಿಯಲ್ಲೇ ಗೊಣಗಿದ. ಕ್ಲೆಲಿಯಾ ಕೂರಲಿಲ್ಲ. ಗೋಡೆಗೆ ಒರಗಿ, ಒಂದು ಕಾಲಿನ ಜೋಡು ಬಿಚ್ಚಿ, ಅದರೊಳಗಿನ ಕಲ್ಲು ಕೊಡವಿ, ಮತ್ತೆ ಹಾಕಿಕೊಳ್ಳುವುದನ್ನು ಮರೆತು ಕೈಯಲ್ಲೇ ಹಿಡಿದು ನಿಂತಳು. ಬ್ರಿಜಿದಾ ಗಂಡನ ಮಣಿಕಟ್ಟು ಹಿಡಿದಳು.

"ಅಮ್ಮ ಹೀಗೆ ಮಾಡ್ತಿರ್ಲಿಲ್ಲ," ಎಂದಳು ಮೆಲ್ಲಗೆ.

"ಇಲ್ಲ. ಆದ್ರೆ ಇವಳೂ ದಣಿದಿದ್ದಾಳೆ, ನೋಡು," ಎಂದ ಸೊಸ್ಸಿಯೊ.

ಈಸ್ಟರಿಗೆ ಮುಂಚಿನ ಉಪವಾಸಕಾಲ ಬಂದು ನಾಟಕಶಾಲೆ ಮುಚ್ಚುವವರೆಗೂ ಆಟ ನಡೆಯಿತು. ಸೊಸ್ಸಿಯೊ ಇನ್ನೂ ಒಂಬತ್ತು ಸಲ ಹೋಗಿ ನೋಡಿದ. ಎರಡನೆಯ ಅಂಕದಲ್ಲಿ ಪ್ರೇಮಿಗಳಿಬ್ಬರು ಹಿಟ್ಟಿನ ಡಬ್ಬದ ಹಿಂದೆ ಅಡಗಿ ಹಾಡುವ ಹಾಡೊಂದಿತ್ತು. ಆ ಹೊತ್ತಿನಲ್ಲಿ ಅವನು ಯಾವಾಗಲೂ ಒಳಗೆ ಬಟ್ಟೆ ಬದಲಿಸುತ್ತಿದ್ದ. ಅದು ಅಷ್ಟು ಸೊಗಸಾಗಿದೆಯೆಂದು ಇಷ್ಟು ವರ್ಷ ಯಾರೂ ತನಗೆ ಹೇಳಲೇ ಇಲ್ಲವಲ್ಲ ಎಂದು ಮನೆಗೆ ನಡೆಯುವಾಗೆಲ್ಲ ಬ್ರಿಜಿದಾಳ ಹತ್ತಿರ ದೂರುತ್ತಿದ್ದ.