ರೂತಮ್ಮ ವಾಪಸ್ ತಂದ ಸರ್ಟಿಫಿಕೇಟು

ತುಮಕೂರಿನಲ್ಲಿ ನಾನು ಮೇಷ್ಟ್ರಾಗಿದ್ದಾಗ, ಪರಿಚಯದ ಪಾದ್ರಿಯೊಬ್ಬರು ತಮ್ಮ ಚರ್ಚಿನ ಸತ್ಯವೇದ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಲು ಕೊಟ್ಟರು. ಮಕ್ಕಳ ನಡುವೆ ಕೂತು ಬರೆದವರಲ್ಲಿ ಗುಬ್ಬಿಯ ರೂತಮ್ಮನೂ ಇದ್ದರು. ಅರವತ್ತು ದಾಟಿತ್ತು. ಈ ಪರೀಕ್ಷೆಗೆಂದೇ ಅಕ್ಷರ ಕಲಿತು, ಎರಡು ಸಲ ಫೇಲಾಗಿದ್ದರು. ಈ ಸಲವೂ ಬಂದದ್ದು ಮೂವತ್ತೊಂದು. ಪಾಸಾಗಲು ಮೂವತ್ತೈದು ಬೇಕು. ನಾನೇ ನಾಲ್ಕು ಅಂಕ ಸೇರಿಸಿದೆ.

ಮುಂದಿನ ವಾರ ಅವರು ಸರ್ಟಿಫಿಕೇಟು ಹಿಡಿದು ಸ್ಕೂಲಿಗೇ ಬಂದರು. ಥ್ಯಾಂಕ್ಸ್ ಹೇಳಲು ಬಂದಿರಬೇಕೆಂದು ಕುರ್ಚಿ ತೋರಿಸಿದೆ. ಕೂರಲಿಲ್ಲ.

"ಸಾ, ಕೊನೇ ಮೂರು ಪ್ರಶ್ನೆ ನಾನು ಮುಟ್ಟೇ ಇಲ್ಲ. ಹೆಂಗ್ ಪಾಸಾದೆ?"

"ನಿಮ್ಮ ಶ್ರದ್ಧೆಗೆ ಕೊಟ್ಟೆ ಕಣಮ್ಮ."

"ಶ್ರದ್ಧೆಗೆ ಮಾರ್ಕ್ಸ್ ಹಾಕೋನು ಮ್ಯಾಲವ್ನೆ. ನೀವು ಬರ್ದಿದ್ದಕ್ಕೆ ಹಾಕಿ, ಸಾಕು. ಮುಂದಿನ್ ವರ್ಷ ಮತ್ತೆ ಕೂತ್ಕೋತೀನಿ ಬುಡಿ."

ಸರ್ಟಿಫಿಕೇಟನ್ನು ಮೇಜಿನ ಮೇಲಿಟ್ಟು ಹೊರಟೇಹೋದರು. ಅಂಕ ಹೆಚ್ಚಾಯಿತೆಂದು ಜಗಳಕ್ಕೆ ಬಂದವರನ್ನು ಅಷ್ಟು ವರ್ಷದ ಸರ್ವೀಸಿನಲ್ಲಿ ನಾನು ಕಂಡಿರಲಿಲ್ಲ.

ಮರುವರ್ಷ ಅವರಿಗೆ ಅರವತ್ತೆರಡು ಬಂತು. ತಿದ್ದಿದ್ದು ನಾನಲ್ಲ. ಆ ಮೇಷ್ಟ್ರಿಗೆ ಮಾತ್ರ ಕೊಡಬೇಡಿ ಎಂದು ಪಾದ್ರಿಗಳಿಗೆ ರೂತಮ್ಮನೇ ಹೇಳಿದ್ದರಂತೆ.